ಮೇವಿನಲ್ಲಿ ಲೋಹ, ಹಸುವಿನಲ್ಲಿ ರೋಗ

ಮಕರ ಸಂಕ್ರಮಣದ ದಿನ ಗುಜರಾತಿನ ಆಕಾಶವೆಲ್ಲ ಗಾಳಿಪಟಗಳಿಂದ ತುಂಬಿರುವಾಗ, ನೆಲದ ಮೇಲೆ ಇನ್ನೊಂದು ಆಚರಣೆ ಸದ್ದುಗದ್ದಲವಿಲ್ಲದೆ ನಡೆದಿರುತ್ತದೆ. ಬೀದಿಯ ತಿರುವುಗಳಲ್ಲಿ ಹಸಿಹುಲ್ಲಿನ ಹೊರೆಗಳನ್ನಿಟ್ಟುಕೊಂಡು ಕುಳಿತವರಿಂದ ಜನರು ಒಂದೊಂದು ಕಟ್ಟು ಕೊಂಡು ಹಸುಗಳಿಗೆ ತಿನ್ನಿಸುತ್ತಾರೆ. ಬೇಯಿಸಿದ ಧಾನ್ಯದ ‘ಘೂಘರಿ’ಯನ್ನು ಉಣಿಸುತ್ತಾರೆ. ಅದೇ ದಿನ ನಮ್ಮ ಹಳೆಯ ಮೈಸೂರು ಸೀಮೆಯಲ್ಲಿ ದನಗಳ ಮೈ ತೊಳೆದು, ಕೋಡುಗಳಿಗೆ ಬಣ್ಣ ಬಳಿದು, ಸಂಜೆ ಕಿಚ್ಚು ಹಾಯಿಸುತ್ತಾರೆ. ಉತ್ತರ ಕರ್ನಾಟಕದವರಿಗೆ ಆ ಸಂಭ್ರಮ ಕಾರಹುಣ್ಣಿಮೆಯಂದು. ಹುಟ್ಟಿದ ನಾಡಿಗೂ ಅನ್ನ ಕೊಟ್ಟ ನಾಡಿಗೂ ಗೋವಿನ ಮೇಲಿನ ಪ್ರೀತಿಯಲ್ಲಿ ಭೇದವಿಲ್ಲವೆಂಬುದನ್ನು ಇಲ್ಲಿಗೆ ಬಂದು ನೆಲೆಸಿದ ನಾವೆಲ್ಲರೂ ಕಂಡಿದ್ದೇವೆ.

ಹಸುವಿಗೆ ಒಂದು ಹಿಡಿ ಹುಲ್ಲು ಹಾಕುವುದು ಪುಣ್ಯಕಾರ್ಯವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಆ ಹುಲ್ಲು ಎಲ್ಲಿ ಬೆಳೆಯಿತು, ಯಾವ ನೀರನ್ನು ಕುಡಿದು ಬೆಳೆಯಿತು ಎಂಬ ಪ್ರಶ್ನೆಯನ್ನು ನಾವು ಕೇಳಿಕೊಳ್ಳುವುದು ಅಪರೂಪ. ಕಾರ್ಖಾನೆಗಳ ನಡುವೆ ಬದುಕುತ್ತಿರುವ ನಮಗೆ ಈ ಪ್ರಶ್ನೆ ಅತ್ಯಗತ್ಯವಾದುದು. ಹುಲ್ಲಿನಲ್ಲಿದ್ದುದು ಹಸುವಿಗೆ, ಹಸುವಿನಲ್ಲಿದ್ದುದು ಹಾಲಿಗೆ, ಹಾಲಿನಲ್ಲಿದ್ದುದು ನಮ್ಮ ಮಕ್ಕಳ ಲೋಟಕ್ಕೆ ಬರುವುದು ಸೃಷ್ಟಿನಿಯಮ. ಹಲವು ವರ್ಷ ಕರ್ನಾಟಕದಲ್ಲಿ ಪಶುವೈದ್ಯನಾಗಿ ದುಡಿದು, ನಿವೃತ್ತಿಯ ಅನಂತರ ಮಗನೊಂದಿಗೆ ಸೂರತ್ತಿನಲ್ಲಿ ನೆಲೆಸಿರುವ ಈ ಲೇಖಕನಿಗೆ ತಿಳಿದ ಕೆಲವು ಸಂಗತಿಗಳನ್ನು ಓದುಗರ ಮುಂದಿಡುವುದೇ ಈ ಲೇಖನದ ಉದ್ದೇಶ.

ಸಚಿನ್ ಮತ್ತು ಅದರ ನೆರೆಹೊರೆ

ಸಚಿನ್ ಎಂದೊಡನೆ ಕ್ರಿಕೆಟ್ ಆಟಗಾರನ ನೆನಪಾಗುವುದು ಸಹಜ. ಆದರೆ ಸೂರತ್ತಿನಿಂದ ಮುಂಬಯಿಯ ಕಡೆಗೆ ರೈಲಿನಲ್ಲಿ ಹೊರಟವರಿಗೆ ಉಧನಾ, ಭೇಸ್ತಾನ್‌ಗಳ ಬಳಿಕ ಎದುರಾಗುವ ಸಚಿನ್ ನಿಲ್ದಾಣ ಚಿರಪರಿಚಿತ. ಒಂದು ಕಾಲಕ್ಕೆ ಇದು ಆಫ್ರಿಕಾ ಮೂಲದ ಸಿದ್ದಿ ನವಾಬರು ಆಳುತ್ತಿದ್ದ ಪುಟ್ಟ ಸಂಸ್ಥಾನ. 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ಮುಂದೆ ಇಲ್ಲಿ ಕೈಗಾರಿಕಾ ವಸಾಹತು ತಲೆಯೆತ್ತಿ, ಬಟ್ಟೆಗೆ ಬಣ್ಣ ಹಾಕುವ ಹಾಗೂ ರಾಸಾಯನಿಕಗಳನ್ನು ತಯಾರಿಸುವ ಕಾರ್ಖಾನೆಗಳು ಬಂದವು. 2020ರಲ್ಲಿ ಊರು ಸೂರತ್ ಮಹಾನಗರದ ಎಲ್ಲೆಯೊಳಗೆ ಸೇರಿತು. ಇಂದು ಕಾರ್ಖಾನೆಯ ಗೋಡೆಯ ಈಚೆಗೆ ಯಂತ್ರದ ಸದ್ದು. ಆಚೆಗೆ ಕಬ್ಬು, ಹುಲ್ಲು, ಮೇಯುವ ಎಮ್ಮೆ. ನಡುವೆ ಹರಿಯುವುದು ‘ಖಾಡಿ’ ಎಂದು ಇಲ್ಲಿನವರು ಕರೆಯುವ ಹಳ್ಳ.

2022ರ ಜನವರಿ 6ರ ನಸುಕಿನಲ್ಲಿ ಈ ಸಚಿನ್ ವಸಾಹತಿನಲ್ಲಿ ನಡೆದ ದುರಂತವನ್ನು ನಮ್ಮಲ್ಲಿ ಅನೇಕರು ಮರೆತಿರಲಾರರು. ಟ್ಯಾಂಕರೊಂದರಿಂದ ರಾಸಾಯನಿಕ ತ್ಯಾಜ್ಯವನ್ನು ಅಕ್ರಮವಾಗಿ ಹಳ್ಳಕ್ಕೆ ಬಿಡುತ್ತಿದ್ದಾಗ ಎದ್ದ ವಿಷಾನಿಲದಿಂದ ಆರು ಮಂದಿ ಕಾರ್ಮಿಕರು ಅಸುನೀಗಿದರು. ಇಪ್ಪತ್ತಕ್ಕೂ ಹೆಚ್ಚು ಮಂದಿ ಆಸ್ಪತ್ರೆ ಸೇರಿದರು. ಆ ಸಾವುಗಳಿಗೆ ಅನಿಲ ಕಾರಣವೇ ಹೊರತು ಲೋಹವಲ್ಲ. ಆದರೂ ಅದನ್ನು ಇಲ್ಲಿ ನೆನೆಯಲು ಕಾರಣವುಂಟು. ಅನಿಲವು ಕೊಂದು ಗಾಳಿಯಲ್ಲಿ ಕರಗಿಹೋಗುತ್ತದೆ. ಮರುದಿನ ಪತ್ರಿಕೆಯಲ್ಲಿ ಸುದ್ದಿಯಾಗುತ್ತದೆ. ಅದೇ ಬಗೆಯ ಹಳ್ಳಕ್ಕೆ ಸೇರುವ ಲೋಹವು ಯಾರನ್ನೂ ಆ ಕ್ಷಣ ಕೊಲ್ಲುವುದಿಲ್ಲ, ಸುದ್ದಿಯೂ ಆಗುವುದಿಲ್ಲ. ಕೆಸರಿನಲ್ಲಿ ಕುಳಿತು, ಬೇರಿನ ಮೂಲಕವೋ ಧೂಳಿನ ಮೂಲಕವೋ ಹುಲ್ಲಿಗೆ ಬಂದು ತನ್ನ ಸರದಿಗಾಗಿ ಕಾದಿರುತ್ತದೆ.

ಇದು ಸಚಿನ್ನಿಗೆ ಮಾತ್ರ ಸೀಮಿತವಾದ ಮಾತಲ್ಲ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು 2009ರಲ್ಲಿ ದೇಶದ ಕೈಗಾರಿಕಾ ಪ್ರದೇಶಗಳ ಮಾಲಿನ್ಯವನ್ನು ಅಳೆದು ಪಟ್ಟಿ ಮಾಡಿದಾಗ ಮೊದಲ ಸ್ಥಾನ ಅಂಕಲೇಶ್ವರಕ್ಕೂ ಎರಡನೆಯದು ವಾಪಿಗೂ ಬಂದವು. ಒಂದು ಸೂರತ್ತಿನ ಉತ್ತರಕ್ಕಿದೆ, ಇನ್ನೊಂದು ದಕ್ಷಿಣಕ್ಕೆ. ವಡೋದರಾದ ಕಾರ್ಖಾನೆಗಳ ಕೊಳೆನೀರನ್ನು ಮಹೀ ನದಿಯ ಅಳಿವೆಗೆ ಸಾಗಿಸಲೆಂದು 1983ರಲ್ಲಿ ಸುಮಾರು 55 ಕಿಲೋಮೀಟರ್ ಉದ್ದದ ಕಾಲುವೆಯೊಂದು ಆರಂಭವಾಯಿತು. ನೀರಿನ ಅಭಾವದಿಂದ ಕಂಗೆಟ್ಟ ದಾರಿಯ ರೈತರು ಆ ನೀರನ್ನೇ ಎತ್ತಿ ಹೊಲಕ್ಕೆ ಹಾಯಿಸಿಕೊಂಡರು. ಅಹಮದಾಬಾದಿನ ನರೋಡಾ, ಓಢವ್, ವಟವಾ ವಸಾಹತುಗಳ ಕೊಳೆಯು ಖಾರಿಕಟ್ ನೀರಾವರಿ ಕಾಲುವೆಗೆ ಸೇರಿ ಖೇಡಾ ಜಿಲ್ಲೆಯ ಹಳ್ಳಿಗಳ ನೆಲಜಲಗಳನ್ನು ಕೆಡಿಸಿದಾಗ ಪ್ರಕರಣ ಗುಜರಾತ್ ಉಚ್ಚ ನ್ಯಾಯಾಲಯದ ಮೆಟ್ಟಿಲೇರಿತು. 1995ರಲ್ಲಿ ನ್ಯಾಯಾಲಯವು 756 ಕಾರ್ಖಾನೆಗಳ ವಿರುದ್ಧ ಕ್ರಮಕ್ಕೆ ಆದೇಶಿಸಿ, ಅವುಗಳ ವಾರ್ಷಿಕ ವಹಿವಾಟಿನ ಶೇಕಡಾ 1ರಷ್ಟು ಹಣವನ್ನು ಕಟ್ಟಬೇಕೆಂದು ವಿಧಿಸಿತು. ಖೇಡಾ ಎಂದರೆ ಇಂಗ್ಲಿಷರ ಬಾಯಲ್ಲಿ ‘ಕೈರಾ’. 1946ರಲ್ಲಿ ಹಾಲು ಉತ್ಪಾದಕರ ಸಹಕಾರ ಸಂಘ ಹುಟ್ಟಿ, ಅಮುಲ್ ಆಗಿ ದೇಶಕ್ಕೆಲ್ಲ ದಾರಿ ತೋರಿದ ನಾಡೇ ಅದು. ಹಾಲಿನ ತೊಟ್ಟಿಲಿಗೇ ಕೊಳೆಯ ಕಾಲುವೆ ಬಂದು ತಾಗಿದುದು ಎಂತಹ ವಿಪರ್ಯಾಸ!

ಭಾರಲೋಹಗಳೆಂದರೆ ಯಾವುವು?

ನೀರಿಗಿಂತ ಸುಮಾರು ಐದು ಪಟ್ಟು ಅಥವಾ ಅದಕ್ಕೂ ಹೆಚ್ಚು ಸಾಂದ್ರವಾದ ಲೋಹಗಳನ್ನು ಭಾರಲೋಹಗಳೆಂದು ಕರೆಯುವ ರೂಢಿಯಿದೆ. ಸೀಸ, ಪಾದರಸ, ಕ್ಯಾಡ್ಮಿಯಂ, ಕ್ರೋಮಿಯಂ, ನಿಕ್ಕಲ್, ತಾಮ್ರ, ಸತು ಇವು ಈ ಗುಂಪಿಗೆ ಸೇರುತ್ತವೆ. ಪಾಷಾಣವೆಂದು ನಾವು ಬಲ್ಲ ಆರ್ಸೆನಿಕ್ ಅಪ್ಪಟ ಲೋಹವಲ್ಲದಿದ್ದರೂ, ಅದರ ಗುಣದೋಷಗಳು ಇವಕ್ಕೆ ಸಮೀಪವಾದುದರಿಂದ ಇವುಗಳ ಜೊತೆಗೇ ಅದನ್ನೂ ಎಣಿಸುತ್ತಾರೆ.

ಇವುಗಳಲ್ಲಿ ಎರಡು ಬಗೆ. ತಾಮ್ರ, ಸತು ಮೊದಲಾದವು ಅತ್ಯಲ್ಪ ಪ್ರಮಾಣದಲ್ಲಿ ದೇಹಕ್ಕೆ ಬೇಕೇ ಬೇಕು. ಕೊರತೆಯಾದರೂ ರೋಗ, ಅತಿಯಾದರೂ ರೋಗ. ಸೀಸ, ಪಾದರಸ, ಕ್ಯಾಡ್ಮಿಯಂಗಳಿಗಾದರೋ ದೇಹದಲ್ಲಿ ಯಾವ ಕೆಲಸವೂ ಇಲ್ಲ. ಅವು ಕರೆಯದೆ ಬಂದು ಹೋಗದೆ ಉಳಿಯುವ ಅತಿಥಿಗಳು.

ಭಾರಲೋಹಗಳನ್ನು ಇತರ ಕಶ್ಮಲಗಳಿಂದ ಬೇರ್ಪಡಿಸುವ ಮುಖ್ಯ ಗುಣವೊಂದಿದೆ. ಸೆಗಣಿ, ಗಂಜಲ, ಎಲೆ, ಹೆಣ ಎಲ್ಲವೂ ಮಣ್ಣಿನಲ್ಲಿ ಕೊಳೆತು ರೂಪಾಂತರ ಹೊಂದುತ್ತವೆ. ಲೋಹವು ಮೂಲಧಾತುವಾದ್ದರಿಂದ ಕೊಳೆಯುವುದಿಲ್ಲ, ಸುಟ್ಟರೂ ನಾಶವಾಗುವುದಿಲ್ಲ. ಸ್ಥಳ ಬದಲಿಸಬಹುದು, ರೂಪ ಬದಲಿಸಬಹುದು, ಇಲ್ಲವಾಗುವುದು ಮಾತ್ರ ಸಾಧ್ಯವಿಲ್ಲ. ಆದುದರಿಂದಲೇ ಕಾರ್ಖಾನೆ ಮುಚ್ಚಿ ದಶಕಗಳೇ ಕಳೆದರೂ ಅದರ ಸುತ್ತಲಿನ ಮಣ್ಣು ವಿಷಮುಕ್ತವಾಗಿರುತ್ತದೆ ಎಂದು ಹೇಳಲಾಗದು.

ಮೇವಿಗೆ ಲೋಹ ಸೇರುವ ಬಗೆ

ಮೊದಲನೆಯ ದಾರಿ ನೀರು. ಬಣ್ಣದ ಕಾರ್ಖಾನೆಗಳು, ಲೋಹಗಳಿಗೆ ಲೇಪ ಕೊಡುವ ಘಟಕಗಳು, ಚರ್ಮ ಹದಮಾಡುವ ಕಾರ್ಖಾನೆಗಳು, ಬ್ಯಾಟರಿಯ ಕೆಲಸದ ಶೆಡ್ಡುಗಳು, ಇವುಗಳಿಂದ ಹೊರಬಂದ ನೀರು ಸರಿಯಾಗಿ ಶುದ್ಧಿಯಾಗದೆ ಹಳ್ಳ ಸೇರಿದರೆ ಲೋಹವೂ ಜೊತೆಗೆ ಬರುತ್ತದೆ. ಹಳ್ಳದ ಅಂಚಿನಲ್ಲಿ ವರ್ಷವಿಡೀ ಹಸಿರಾಗಿ ಬೆಳೆಯುವ ಹುಲ್ಲು ಬೇಸಗೆಯಲ್ಲಿ ದನ ಸಾಕುವವರಿಗೆ ವರದಾನದಂತೆ ಕಾಣುತ್ತದೆ. ಕ್ಯಾಡ್ಮಿಯಂ ಬೇರಿನಿಂದ ಎಲೆಗೆ ಸುಲಭವಾಗಿ ಏರುತ್ತದೆ. ಸೀಸವು ಬಹುಪಾಲು ಬೇರಿನಲ್ಲೇ ಉಳಿದು, ಎಲೆಯ ಮೇಲೆ ಧೂಳಿನ ರೂಪದಲ್ಲಿ ಕೂರುತ್ತದೆ. ಹುಲ್ಲು ಹಸಿರಾಗಿದೆಯೆಂಬುದು ಅದು ನಿರ್ಮಲವಾಗಿದೆಯೆಂಬುದಕ್ಕೆ ಸಾಕ್ಷಿಯಲ್ಲ.

ಎರಡನೆಯದು ಗಾಳಿ. ಲೋಹ ಕರಗಿಸುವ ಕುಲುಮೆಗಳ ಹೊಗೆ, ತಾಮ್ರಕ್ಕಾಗಿ ತಂತಿಗಳನ್ನು ಸುಡುವಾಗ ಏಳುವ ಕಪ್ಪು ಹೊಗೆ, ಇವು ಹುಲ್ಲಿನ ಮೇಲೆ ಇಳಿಯುತ್ತವೆ. ಪೆಟ್ರೋಲಿಗೆ ಸೀಸ ಬೆರೆಸುತ್ತಿದ್ದ ದಿನಗಳಲ್ಲಿ ಹೆದ್ದಾರಿಯ ಬದಿಯ ಹುಲ್ಲಿಗೂ ಈ ದೋಷವಿತ್ತು. 2000ದಲ್ಲಿ ದೇಶದಾದ್ಯಂತ ಸೀಸವಿಲ್ಲದ ಪೆಟ್ರೋಲ್ ಬಂದ ಮೇಲೆ ಆ ಮೂಲ ನಿಂತಿತು; ಹಿಂದೆ ಬಿದ್ದುದು ಮಣ್ಣಿನಲ್ಲಿದೆ.

ಮೂರನೆಯದು ಮಣ್ಣು. ಹಸುವು ಮೇಯುವಾಗ ಹುಲ್ಲನ್ನು ನಾಲಗೆಯಿಂದ ಸುತ್ತಿ ಕಿತ್ತುಕೊಳ್ಳುವುದರಿಂದ ಜೊತೆಗೆ ಮಣ್ಣೂ ಹೊಟ್ಟೆ ಸೇರುತ್ತದೆ. ಇಂಗ್ಲೆಂಡಿನಲ್ಲಿ ಅಳೆದು ನೋಡಿದಾಗ, ಮೇಯುವ ದನಗಳು ತಿಂದ ಒಣ ಆಹಾರದಲ್ಲಿ ಶೇಕಡಾ 1ರಿಂದ 18ರವರೆಗೂ ಮಣ್ಣೇ ಇದ್ದುದು ಕಂಡುಬಂದಿತು. ಹುಲ್ಲು ಗಿಡ್ಡವಾದಷ್ಟೂ ಮಣ್ಣು ಹೆಚ್ಚು. ಬರಗಾಲದಲ್ಲಿ ಬೋಳು ಹುಲ್ಲುಗಾವಲಿನಲ್ಲಿ ಮೇಯುವ ನಮ್ಮ ದನಗಳ ಸ್ಥಿತಿಯನ್ನು ಇದರಿಂದ ಊಹಿಸಬಹುದು.

ನಾಲ್ಕನೆಯದು ಅಂಗಡಿಯಿಂದ ತರುವ ಹಿಂಡಿ, ಬೂಸಾ ಮತ್ತು ಲವಣ ಮಿಶ್ರಣ. 1989ರಲ್ಲಿ ನೆದರ್ಲೆಂಡ್ಸ್ ಮತ್ತು ಇಂಗ್ಲೆಂಡುಗಳಲ್ಲಿ ಹಸುಗಳು ಸೀಸದ ವಿಷಕ್ಕೆ ತುತ್ತಾದಾಗ, ಬರ್ಮಾದಿಂದ ಆಮದಾದ ಅಕ್ಕಿಯ ತೌಡನ್ನು ಬೆರೆಸಿದ ಪಶು ಆಹಾರವೇ ಕಾರಣವೆಂದು ತಿಳಿಯಿತು. ನೂರಾರು ಕೊಟ್ಟಿಗೆಗಳ ಹಾಲನ್ನು ತಡೆಹಿಡಿಯಬೇಕಾಯಿತು. ದನಕರುಗಳಿಗೆ ಕೊಡುವ ರಂಜಕದ ಲವಣವನ್ನು ಶಿಲಾರಂಜಕದಿಂದ ತಯಾರಿಸುತ್ತಾರೆ. ಆ ಶಿಲೆಯಲ್ಲಿ ಕ್ಯಾಡ್ಮಿಯಂ ಸಹಜವಾಗಿಯೇ ಇರುತ್ತದೆ. ಸತುವಿನ ಅದಿರಿನಲ್ಲಿಯೂ ಹಾಗೆಯೇ. ಸರಿಯಾಗಿ ಶುದ್ಧಿಮಾಡದ ಅಗ್ಗದ ಲವಣ ಕೊಂಡರೆ ಪುಷ್ಟಿಯ ಹೆಸರಿನಲ್ಲಿ ವಿಷ ಕೊಂಡಂತೆ. ಐರೋಪ್ಯ ದೇಶಗಳ ಕಾನೂನು ದನಗಳ ಸಂಪೂರ್ಣ ಆಹಾರದಲ್ಲಿ ಕಿಲೋಗ್ರಾಮಿಗೆ 5 ಮಿಲಿಗ್ರಾಂ ಸೀಸ, 1 ಮಿಲಿಗ್ರಾಂ ಕ್ಯಾಡ್ಮಿಯಂ ಮೀರಬಾರದೆಂದು ಗೆರೆ ಎಳೆದಿದೆ. ಆ ಗೆರೆ ಎಷ್ಟು ಸೂಕ್ಷ್ಮವೆಂಬುದನ್ನು ಗಮನಿಸಿರಿ: ಸಾವಿರ ಕಿಲೋ ಆಹಾರದಲ್ಲಿ ಐದು ಗ್ರಾಂ.

ಒಂದು ಅನುಭವ

ಬಿಜಾಪುರ ಜಿಲ್ಲೆಯ ಹಳ್ಳಿಯೊಂದರಿಂದ ಒಮ್ಮೆ ತುರ್ತಾಗಿ ಕರೆ ಬಂತು. ಹೋಗಿ ನೋಡಿದರೆ ನಾಲ್ಕು ತಿಂಗಳ ಕರು ಗೋಡೆಗೆ ಹಣೆಯೊತ್ತಿ ನಿಂತಿತ್ತು. ಹಲ್ಲು ಕಡಿಯುತ್ತಿತ್ತು, ಬಾಯಲ್ಲಿ ನೊರೆ, ಕಿವಿ ಮತ್ತು ಕಣ್ಣೆವೆಗಳಲ್ಲಿ ನಡುಕ. ಕಣ್ಣೆದುರು ಕೈಯಾಡಿಸಿದರೂ ಎವೆ ಮುಚ್ಚಲಿಲ್ಲ, ಕರು ಕುರುಡಾಗಿತ್ತು. “ಸಾಹೇಬ್ರ, ಇದಕ್ಕ ಹುಚ್ಚನಾಯಿ ಕಡದಿರಬೇಕ್ರೀ” ಎಂದು ಮನೆಯ ಯಜಮಾನ ದೂರ ನಿಂತೇ ಹೇಳಿದ. ಮನೆಯ ಹಿರಿಯ ಹೆಂಗಸು ದೃಷ್ಟಿ ತಾಗಿದೆಯೆಂದು ನೀವಾಳಿಸಿ ಮುಗಿಸಿದ್ದಳು. ನನಗೂ ಮೊದಲು ಹುಚ್ಚುನಾಯಿಯದೇ ಅನುಮಾನ.

ಕೊಟ್ಟಿಗೆಯನ್ನು ಸುತ್ತಿ ನೋಡಿದಾಗ ಮೂಲೆಯಲ್ಲಿ ಟ್ರ್ಯಾಕ್ಟರಿನ ಹಳೆಯ ಬ್ಯಾಟರಿಯೊಂದು ಒಡೆದು ಬಿದ್ದಿತ್ತು. ಅದರ ಬೂದುಬಣ್ಣದ ತಗಡುಗಳ ಮೇಲೆ ನಾಲಗೆಯಾಡಿದ ಗುರುತು ನಿಚ್ಚಳವಾಗಿತ್ತು. ಸೀಸದ ಲವಣಗಳಿಗೆ ತುಸು ಸಿಹಿ ರುಚಿಯಿದೆ. ಉಪ್ಪಿಗಾಗಿ, ಲವಣಕ್ಕಾಗಿ ಹಪಹಪಿಸುವ ಕರು ಅದನ್ನು ಬಿಡುವುದೇ? ನಾನು ತಿಳಿದ ಚಿಕಿತ್ಸೆಯನ್ನೆಲ್ಲ ಮಾಡಿದೆ. ಎರಡನೆಯ ದಿನ ಕರು ಸತ್ತಿತು. ತಾಯಿಹಸು ಬದುಕಿತು, ಆದರೆ ಆ ವರ್ಷ ಅದು ಮತ್ತೆ ಗಬ್ಬ ಕಟ್ಟಲಿಲ್ಲ. ಅದರ ಹಾಲನ್ನು ಕೆಲವು ವಾರ ಚೆಲ್ಲಿರೆಂದು ಹೇಳಿದೆ. ಮನೆಯಲ್ಲಿ ಎರಡು ಚಿಕ್ಕ ಮಕ್ಕಳಿದ್ದರು. ಅವರು ನನ್ನ ಮಾತನ್ನು ಎಷ್ಟರಮಟ್ಟಿಗೆ ನಡೆಸಿಕೊಟ್ಟರೋ ನಾನು ತಿರುಗಿ ಹೋಗಿ ವಿಚಾರಿಸಲಿಲ್ಲ. ಇಂದಿಗೂ ಆ ವಿಚಾರ ನನ್ನನ್ನು ಬಾಧಿಸುತ್ತದೆ.

ಲೋಹಗಳು ಮಾಡುವ ಹಾನಿ

ಮೇಲೆ ಹೇಳಿದುದು ತೀವ್ರವಾದ ಸೀಸವಿಷದ ಚಿತ್ರ. ಕರುಗಳಿಗೆ ಇದು ಬೇಗ ತಾಗುತ್ತದೆ. ಹಾಲು ಕುಡಿಯುವ ವಯಸ್ಸಿನ ಕರುಳು ಸೀಸವನ್ನು ದೊಡ್ಡ ದನಗಳಿಗಿಂತ ಅನೇಕ ಪಟ್ಟು ಹೆಚ್ಚಾಗಿ ಹೀರಿಕೊಳ್ಳುತ್ತದೆ. ನುಂಗಿದ ಸೀಸದ ಚೂರುಗಳು ಜಾಲರಿಯಂತಿರುವ ಎರಡನೆಯ ಹೊಟ್ಟೆಯಲ್ಲಿ ಕುಳಿತು ನಿಧಾನವಾಗಿ ಕರಗುತ್ತಿರುತ್ತವೆ. ರಕ್ತಕ್ಕೆ ಸೇರಿದ ಸೀಸವನ್ನು ದೇಹವು ಸುಣ್ಣದ ಅಂಶವೆಂದೇ ಭ್ರಮಿಸಿ ಎಲುಬಿನಲ್ಲಿ ಕೂಡಿಡುತ್ತದೆ. ಗಬ್ಬದ ಕಡೆಯ ತಿಂಗಳುಗಳಲ್ಲಿ, ಹಾಲು ಇಳಿಯುವ ಕಾಲದಲ್ಲಿ ಎಲುಬಿನ ಸುಣ್ಣ ಕರಗಿದಾಗ ಸೀಸವೂ ಮತ್ತೆ ಹೊರಬರುತ್ತದೆ. ಹೀಗೆ ಹಿಂದೆಂದೋ ತಿಂದ ವಿಷ ಹೊಟ್ಟೆಯ ಕರುವಿಗೂ ಕೆಚ್ಚಲಿಗೂ ತಲುಪುವುದುಂಟು.

ದಿನದಿನವೂ ಅತ್ಯಲ್ಪವಾಗಿ ಸೇರುವ ಲೋಹದ ಪರಿಣಾಮ ಇಷ್ಟು ಸ್ಪಷ್ಟವಾಗಿರುವುದಿಲ್ಲ. ಹಸು ಸಾಯುವುದಿಲ್ಲ, ಸೊರಗುತ್ತದೆ. ಮೇವು ತಿಂದರೂ ಮೈ ಹಿಡಿಯುವುದಿಲ್ಲ, ರಕ್ತಹೀನತೆ ಕಾಣಿಸುತ್ತದೆ, ಹಾಲು ಇಳಿಮುಖವಾಗುತ್ತದೆ, ಬೆದೆ ತಪ್ಪುತ್ತದೆ, ಗಬ್ಬ ನಿಲ್ಲುವುದಿಲ್ಲ. ಯಜಮಾನನು ತಳಿಯನ್ನೋ ಹೋರಿಯನ್ನೋ ಹಣೆಬರಹವನ್ನೋ ದೂರುತ್ತಾನೆ.

ಕ್ಯಾಡ್ಮಿಯಂ ಮೂತ್ರಪಿಂಡ ಮತ್ತು ಯಕೃತ್ತುಗಳಲ್ಲಿ ವರ್ಷಗಟ್ಟಲೆ ಸಂಗ್ರಹವಾಗುತ್ತದೆ. ತಾಮ್ರ, ಸತುಗಳ ಸ್ಥಾನವನ್ನು ಆಕ್ರಮಿಸಿ ಅವುಗಳ ಕೊರತೆಯನ್ನುಂಟುಮಾಡುತ್ತದೆ. ಜಪಾನಿನ ಜಿಂಜೂ ನದಿಯ ಬಯಲಿನಲ್ಲಿ ಗಣಿಯಿಂದ ಬಂದ ಕ್ಯಾಡ್ಮಿಯಂ ಭತ್ತದ ಗದ್ದೆಗಳಿಗೆ ಹರಿದು, ಆ ಅಕ್ಕಿಯನ್ನು ಉಂಡ ಹೆಂಗಸರ ಎಲುಬುಗಳು ಮುಟ್ಟಿದರೆ ಮುರಿಯುವಂತಾದವು. ನೋವಿನ ಚೀತ್ಕಾರವೇ ಆ ರೋಗದ ಹೆಸರಾಯಿತು: ‘ಇತಾಯ್ ಇತಾಯ್’. ಕೊಳೆನೀರಿನ ಬೇಸಾಯ ಎಲ್ಲಿಗೆ ಮುಟ್ಟಬಹುದೆಂಬುದಕ್ಕೆ 1968ರಲ್ಲಿ ಆ ಸರ್ಕಾರವೇ ಒಪ್ಪಿಕೊಂಡ ಉದಾಹರಣೆಯಿದು.

ಮಾಲಿಬ್ಡಿನಂ ಎಂಬ ಲೋಹವೂ ಗಂಧಕದ ಲವಣಗಳೂ ಮೇವಿನಲ್ಲಿ ಹೆಚ್ಚಾದರೆ, ಹಸುವಿನ ದೊಡ್ಡ ಹೊಟ್ಟೆಯಲ್ಲಿ ತಾಮ್ರವನ್ನು ಬಂಧಿಸಿಬಿಡುತ್ತವೆ. ಆಗ ಕೂದಲು ಬಣ್ಣಗೆಟ್ಟು, ಕಣ್ಣಿನ ಸುತ್ತ ಕನ್ನಡಕ ಹಾಕಿದಂತೆ ಬಿಳುಪು ಕಾಣುತ್ತದೆ; ಭೇದಿ ಹಿಡಿಯುತ್ತದೆ. ಪಾದರಸವು ಮೂತ್ರಪಿಂಡವನ್ನೂ ನರಮಂಡಲವನ್ನೂ ಕೆಡಿಸುತ್ತದೆ. ಪಾಷಾಣವು ಒಮ್ಮೆಗೇ ಹೆಚ್ಚಾಗಿ ಹೊಟ್ಟೆ ಸೇರಿದರೆ ರಕ್ತಭೇದಿಯಾಗಿ ದನ ಕೆಲವೇ ಗಂಟೆಗಳಲ್ಲಿ ಬೀಳುತ್ತದೆ. ಪಾಷಾಣಕ್ಕೆ ಕಾರ್ಖಾನೆಯೇ ಬೇಕೆಂದಿಲ್ಲ. ನಮ್ಮ ಯಾದಗಿರಿ ಜಿಲ್ಲೆಯ ಸುರಪುರ ತಾಲೂಕಿನ ಕಿರದಳ್ಳಿ ತಾಂಡಾದಲ್ಲಿ, ಹಳೆಯ ಚಿನ್ನದ ಗಣಿಯ ನೆರೆಯಲ್ಲಿ, ಅಂತರ್ಜಲದಲ್ಲಿಯೇ ಪಾಷಾಣವಿದ್ದು ಜನರ ಚರ್ಮದ ಮೇಲೆ ಅದರ ಗುರುತುಗಳು ಕಂಡುಬಂದವು.

ಮನುಷ್ಯನಿಗಿಂತ ಮೊದಲು ಪ್ರಾಣಿಗಳೇ ಇಂತಹ ವಿಷದ ಸುಳಿವು ಕೊಡುತ್ತವೆಂಬುದು ವಿಚಾರಾರ್ಹ. ಜಪಾನಿನ ಮಿನಮಾಟಾದಲ್ಲಿ 1956ರಲ್ಲಿ ಪಾದರಸದ ರೋಗವನ್ನು ಮನುಷ್ಯರಲ್ಲಿ ಗುರುತಿಸುವುದಕ್ಕೆ ಮುಂಚೆಯೇ ಆ ಊರಿನ ಬೆಕ್ಕುಗಳು ಹುಚ್ಚೆದ್ದು ಕುಣಿದು ಸಾಯುತ್ತಿದ್ದವು. ಜನರು ಅದನ್ನು ಬೆಕ್ಕಿನ ಕಾಯಿಲೆಯೆಂದು ಬಗೆದರು. ಹಸುವಿನ ಕಾಯಿಲೆಯನ್ನು ಹಸುವಿನದೆಂದೇ ಬಗೆದು ಸುಮ್ಮನಿರುವುದು ಅಂತಹದೇ ತಪ್ಪು.

ಹಾಲಿಗೆ ಇಳಿಯುವುದೆಷ್ಟು?

ಇಲ್ಲಿ ಓದುಗರು ಗಾಬರಿಪಡಬೇಕಾಗಿಲ್ಲ. ಪ್ರಕೃತಿಯು ಹಸುವಿನ ದೇಹದಲ್ಲಿ ಒಳ್ಳೆಯ ಶೋಧಕವನ್ನಿಟ್ಟಿದೆ. ದೊಡ್ಡ ದನಗಳು ನುಂಗಿದ ಸೀಸದಲ್ಲಿ ಬಹುಪಾಲು ಸೆಗಣಿಯಲ್ಲಿಯೇ ಹೊರಹೋಗುತ್ತದೆ. ಕ್ಯಾಡ್ಮಿಯಂ ಹಾಲಿಗೆ ಬರುವುದು ತೀರ ಕಡಿಮೆ. ಆದರೆ ಶೋಧಕಕ್ಕೂ ಒಂದು ಮಿತಿಯಿದೆ. ಬರೇಲಿಯ ಬಳಿಯ ಇಜ್ಜತ್‌ನಗರದಲ್ಲಿರುವ ಭಾರತೀಯ ಪಶುವೈದ್ಯಕೀಯ ಸಂಶೋಧನ ಸಂಸ್ಥೆಯ ವಿಜ್ಞಾನಿಗಳು ಕಾರ್ಖಾನೆಗಳ ನೆರೆಯಲ್ಲಿ ಸಾಕಿದ ಹಾಲುಕರೆಯುವ ಹಸುಗಳ ರಕ್ತವನ್ನೂ ಹಾಲನ್ನೂ ಪರೀಕ್ಷಿಸಿ 2005ರಲ್ಲಿ ಫಲಿತಾಂಶ ಪ್ರಕಟಿಸಿದರು. ಸೀಸ ಮತ್ತು ಸತು ಕರಗಿಸುವ ಕಾರ್ಖಾನೆಗಳ ಸುತ್ತಲಿನ ಹಸುಗಳ ರಕ್ತದಲ್ಲಿ ಸೀಸ ಅತ್ಯಧಿಕವಾಗಿತ್ತು. ರಕ್ತದಲ್ಲಿ ಅದು ಒಂದು ಮಿತಿಯನ್ನು ದಾಟಿದ ಮೇಲೆ, ಏರಿದಂತೆಲ್ಲ ಹಾಲಿನಲ್ಲಿಯೂ ಏರುತ್ತಿದ್ದುದು ಕಂಡುಬಂತು.

ಹಾಲಿನಲ್ಲಿ ಕಿಲೋಗ್ರಾಮಿಗೆ 0.02 ಮಿಲಿಗ್ರಾಮಿಗಿಂತ ಹೆಚ್ಚು ಸೀಸವಿರಬಾರದೆಂಬುದು ಅಂತರರಾಷ್ಟ್ರೀಯ ಆಹಾರ ಸಂಹಿತೆಯ ನಿಯಮ. ಹಾಲನ್ನು ಕಾಯಿಸುವುದರಿಂದ ರೋಗಾಣುಗಳು ಸಾಯುತ್ತವೆ, ಸೀಸ ಹೋಗುವುದಿಲ್ಲ. ಕೆನೆ ತೆಗೆದರೂ ಪ್ರಯೋಜನವಿಲ್ಲ. ಅದು ಕೊಬ್ಬಿಗಿಂತ ಹೆಚ್ಚಾಗಿ ಹಾಲಿನ ಸಸಾರಜನಕಕ್ಕೆ ಅಂಟಿಕೊಂಡಿರುತ್ತದೆ. ಹೀಗಾಗಿ ಹಾಲನ್ನು ಒಡೆದು ಪನೀರ್ ಮಾಡಿದರೆ ಸೀಸವು ಪನೀರಿನಲ್ಲಿ ಸಾಂದ್ರವಾಗುತ್ತದೆ.

ಇದರಿಂದ ಮಕ್ಕಳಿಗೆ ಹಾಲು ನಿಲ್ಲಿಸಬೇಕೆಂದು ಯಾರೂ ತಿಳಿಯಬಾರದು. ಹಾಲಿನಲ್ಲಿರುವ ಸುಣ್ಣದ ಅಂಶವೂ, ಸೊಪ್ಪು ಬೇಳೆಗಳಲ್ಲಿರುವ ಕಬ್ಬಿಣದ ಅಂಶವೂ ಸಾಕಷ್ಟಿದ್ದರೆ ಮಗುವಿನ ಕರುಳು ಸೀಸವನ್ನು ಕಡಿಮೆ ಹೀರುತ್ತದೆ. ಅಪೌಷ್ಟಿಕ ಮಗುವಿಗೇ ಅಪಾಯ ಹೆಚ್ಚು. ವಿಚಾರಿಸಬೇಕಾದುದು ಹಾಲಿನ ಮೂಲವನ್ನು. ಸೂರತ್ತಿನ ಸುಮುಲ್‌ನಂತಹ ಸಹಕಾರಿ ಡೈರಿಗೆ ಸಾವಿರಾರು ಮನೆಗಳ ಹಾಲು ಬಂದು ಬೆರೆಯುವುದರಿಂದ ಒಂದು ಕೊಟ್ಟಿಗೆಯ ದೋಷ ಅಲ್ಲಿ ತೆಳುವಾಗುತ್ತದೆ. ಒಂದೇ ತಬೇಲಾದಿಂದ ನಿತ್ಯ ಬಿಡಿ ಹಾಲು ಕೊಳ್ಳುವ ಮನೆಗೆ ಆ ತಬೇಲಾದ ನೆಲ, ನೀರು, ಮೇವು ಎಲ್ಲವೂ ನೇರವಾಗಿ ಬರುತ್ತವೆ, ಒಳ್ಳೆಯದಾದರೂ ಕೆಟ್ಟದಾದರೂ. ತಬೇಲಾ ಯಾವ ಹಳ್ಳದ ದಡದಲ್ಲಿದೆ, ಹುಲ್ಲು ಎಲ್ಲಿಂದ ಬರುತ್ತದೆ ಎಂದು ಹಾಲಿನವನನ್ನು ಪ್ರೀತಿಯಿಂದ ಕೇಳಿ ತಿಳಿಯುವುದರಲ್ಲಿ ತಪ್ಪಿಲ್ಲ.

ತವರಿನ ಕಥೆ

ಇದು ಗುಜರಾತಿನ ದೋಷವೆಂದು ಬೆರಳು ತೋರಿಸುವಂತೆ ನಮ್ಮ ನಾಡೂ ಇಲ್ಲ. ಬೆಂಗಳೂರಿನ ಬಸವನಗುಡಿಯಲ್ಲಿ ದೊಡ್ಡ ಬಸವಣ್ಣನ ಪಾದದ ಬಳಿ ಹುಟ್ಟಿದುದೆಂಬ ಪ್ರತೀತಿಯುಳ್ಳ ನದಿ ವೃಷಭಾವತಿ. ಹೆಸರಿನಲ್ಲಿಯೇ ಎತ್ತನ್ನು ಹೊತ್ತ ಈ ನದಿ ಇಂದು ನಗರದ ಚರಂಡಿಯನ್ನೂ ಕಾರ್ಖಾನೆಗಳ ಕೊಳೆಯನ್ನೂ ಹೊತ್ತು ಬಿಡದಿಯ ಬಳಿಯ ಬೈರಮಂಗಲದ ಕೆರೆಗೆ ಬರುತ್ತದೆ. ಮುಂದೆ ಅರ್ಕಾವತಿಯ ಮೂಲಕ ಕಾವೇರಿಯನ್ನು ಸೇರುತ್ತದೆ. ನೀರಾವರಿಗೆಂದು ಕಟ್ಟಿದ ಆ ಕೆರೆಯ ನೀರಿನಲ್ಲಿಯೇ ರೈತರು ಸೀಮೆಹುಲ್ಲು, ಜೋಳ, ತರಕಾರಿ ಬೆಳೆದರು. ಹುಲ್ಲು ತಿಂದ ಹಸುವಿನ ಹಾಲು ಮರಳಿ ನಗರಕ್ಕೇ ಹೋಯಿತು. ಅಲ್ಲಿನ ಮಣ್ಣು ಮತ್ತು ಬೆಳೆಗಳಲ್ಲಿ ಭಾರಲೋಹಗಳನ್ನು ಸಂಶೋಧಕರು ಮತ್ತೆ ಮತ್ತೆ ಗುರುತಿಸಿದ್ದಾರೆ. ನಗರವು ತಾನು ಚೆಲ್ಲಿದುದನ್ನು ತಾನೇ ಕುಡಿಯುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ. ಇದರಲ್ಲಿ ರೈತನನ್ನು ದೂರುವುದು ನ್ಯಾಯವಲ್ಲ. ಶುದ್ಧ ನೀರು ಸಿಕ್ಕಿದ್ದರೆ ಅವನು ಕೊಳೆನೀರನ್ನು ಕಟ್ಟಿಕೊಳ್ಳುತ್ತಿರಲಿಲ್ಲ.

ಚಿಕಿತ್ಸೆ ಮತ್ತು ಮುನ್ನೆಚ್ಚರಿಕೆ

ತೀವ್ರ ಸೀಸವಿಷಕ್ಕೆ ಚಿಕಿತ್ಸೆಯುಂಟು. ಹೊಟ್ಟೆಯಲ್ಲಿ ಉಳಿದಿರುವ ಸೀಸವನ್ನು ಕರಗದಂತೆ ಮಾಡಲು ಎಪ್ಸಂ ಉಪ್ಪನ್ನು ಕುಡಿಸುತ್ತಾರೆ. ರಕ್ತದಲ್ಲಿರುವುದನ್ನು ಹಿಡಿದು ಮೂತ್ರದಲ್ಲಿ ಹೊರಹಾಕಲು ಕ್ಯಾಲ್ಸಿಯಂ ಇ.ಡಿ.ಟಿ.ಎ. ಎಂಬ ಔಷಧವನ್ನು ರಕ್ತನಾಳದ ಮೂಲಕ ಕೊಡುತ್ತಾರೆ. ಬಿ1 ಜೀವಸತ್ವವು ಮೆದುಳಿನ ಲಕ್ಷಣಗಳನ್ನು ತಗ್ಗಿಸಲು ನೆರವಾಗುತ್ತದೆ. ಇವೆಲ್ಲವನ್ನೂ ಪಶುವೈದ್ಯರೇ ಮಾಡತಕ್ಕದ್ದು. ಕುರುಡುತನ, ಹಣೆಯೊತ್ತುವುದು, ನಡುಕ ಇವು ಕಂಡಾಗ ಹುಚ್ಚುನಾಯಿ ರೋಗದ ಸಂಶಯವೂ ಇರುವುದರಿಂದ ಬರಿಗೈಯನ್ನು ದನದ ಬಾಯಿಗೆ ಹಾಕಬಾರದು. ದೀರ್ಘಕಾಲ ಕೂಡಿದ ಕ್ಯಾಡ್ಮಿಯಂ ಮೊದಲಾದವಕ್ಕೆ ನಂಬುವಂತಹ ಔಷಧವಿಲ್ಲ. ತಡೆಯುವುದೊಂದೇ ದಾರಿ.

ಊರಿನಲ್ಲಿ ದನ ಸಾಕಿರುವ ಬಂಧುಗಳಿಗೂ, ಇಲ್ಲಿ ನಮಗೆ ಹಾಲು ಕೊಡುವವರಿಗೂ ಹೇಳಬಹುದಾದ ಕೆಲವು ಮಾತುಗಳಿವೆ:

1. ಹಳೆಯ ಬ್ಯಾಟರಿ, ಬಣ್ಣದ ಡಬ್ಬ, ಯಂತ್ರಗಳ ಬಳಸಿದ ಎಣ್ಣೆ ಇವನ್ನು ಕೊಟ್ಟಿಗೆಯ ಹತ್ತಿರ ಇಡಬಾರದು. ಹಳೆಯ ಬ್ಯಾಟರಿಯನ್ನು ಮಾರಿದ ಅಂಗಡಿಗೇ ಹಿಂದಿರುಗಿಸಬೇಕು. ಇದಕ್ಕೆ 2001ರಿಂದಲೂ ನಿಯಮವಿದ್ದು, 2022ರಲ್ಲಿ ಹೊಸ ನಿಯಮ ಬಂದಿದೆ.

2. ಹಬ್ಬದಲ್ಲಿ ಕೋಡುಗಳಿಗೆ ಎಣ್ಣೆಬಣ್ಣದ ಬದಲು ಅರಿಸಿನ, ಕೆಮ್ಮಣ್ಣು ಹಚ್ಚುವುದು ಲೇಸು. ದನಗಳು ಒಂದರ ಕೋಡನ್ನೊಂದು ನೆಕ್ಕುತ್ತವೆ. ಮನೆಬಳಕೆಯ ಬಣ್ಣಗಳಲ್ಲಿ ಸೀಸವು ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದೆಂಬ ನಿಯಮ 2017ರ ನವೆಂಬರಿನಿಂದ ಜಾರಿಯಲ್ಲಿದೆಯಾದರೂ, ಮನೆಯ ಅಟ್ಟದಲ್ಲಿ ಉಳಿದ ಹಳೆಯ ಡಬ್ಬಕ್ಕೆ ಆ ನಿಯಮ ತಿಳಿಯದು.

3. ಕಾರ್ಖಾನೆಯ ನೀರು ಹರಿಯುವ ಹಳ್ಳದ ದಡದ ಹುಲ್ಲನ್ನು, ಎಷ್ಟೇ ಹಸಿರಾಗಿರಲಿ, ಹಾಲು ಕರೆಯುವ ಹಸುವಿಗೂ ಗಬ್ಬದ ಹಸುವಿಗೂ ಕರುವಿಗೂ ಹಾಕಬಾರದು. ಬೇರೆ ದಾರಿಯಿಲ್ಲದಿದ್ದರೆ ಬುಡದಿಂದ ತುಸು ಮೇಲೆ ಕೊಯ್ದು, ಮಣ್ಣು ಧೂಳು ಹೋಗುವಂತೆ ಒಳ್ಳೆಯ ನೀರಿನಲ್ಲಿ ಜಾಲಿಸಿ, ಒಣಮೇವಿನೊಡನೆ ಬೆರೆಸಿ ಕೊಡಬೇಕು. ಜಾಲಿಸಿದರೆ ಮೇಲಿನ ಸೀಸ ಬಹಳಷ್ಟು ಹೋಗುತ್ತದೆ. ಒಳಗೆ ಸೇರಿದ ಕ್ಯಾಡ್ಮಿಯಂ ಹೋಗದು.

4. ಪಶು ಆಹಾರವನ್ನೂ ಲವಣ ಮಿಶ್ರಣವನ್ನೂ ಐ.ಎಸ್.ಐ. ಗುರುತು ನೋಡಿ ಕೊಳ್ಳಬೇಕು. ಲವಣ ಮಿಶ್ರಣದ ಮಾನಕ ಸಂಖ್ಯೆ 1664; ಸಂಯೋಜಿತ ಪಶು ಆಹಾರದ್ದು 2052. ಸುಣ್ಣ, ತಾಮ್ರ, ಸತುಗಳು ಸಾಕಷ್ಟು ದೊರೆತ ದನದ ದೇಹ ವಿಷಲೋಹಗಳಿಗೆ ಸುಲಭವಾಗಿ ಎಡೆಕೊಡುವುದಿಲ್ಲ.

5. ಒಂದೇ ಕೊಟ್ಟಿಗೆಯಲ್ಲಿ ಹಲವು ದನಗಳು ಕಾರಣ ತಿಳಿಯದೆ ಸೊರಗಿದರೆ, ಗಬ್ಬ ನಿಲ್ಲದಿದ್ದರೆ, ರಕ್ತ ಮತ್ತು ಮೇವುಗಳನ್ನು ಪರೀಕ್ಷೆಗೆ ಕಳುಹಿಸಲು ಪಶುವೈದ್ಯರನ್ನು ಕೇಳಬೇಕು. ನಮ್ಮ ಸಮೀಪದ ನವಸಾರಿಯಲ್ಲಿಯೂ ಆಣಂದದಲ್ಲಿಯೂ ಪಶುವೈದ್ಯ ಕಾಲೇಜುಗಳಿವೆ. ನಾಡಿನಲ್ಲಿ ಬೆಂಗಳೂರಿನ ಹೆಬ್ಬಾಳ ಮತ್ತು ಬೀದರಗಳಲ್ಲಿವೆ.

ಕಾರ್ಖಾನೆಗಳಲ್ಲಿ ದುಡಿಯುವ ನಮ್ಮ ಬಂಧುಗಳಿಗೆ ಇನ್ನೊಂದು ಮಾತು. ಬಣ್ಣ, ಲೇಪ, ಬ್ಯಾಟರಿಗಳ ಕೆಲಸ ಮಾಡುವವರು ಕೆಲಸದ ಬಟ್ಟೆಯನ್ನು ಅಲ್ಲಿಯೇ ಬದಲಿಸಿ, ಕೈಕಾಲು ತೊಳೆದು ಮನೆಗೆ ಬರಬೇಕು. ಮಗುವಿಗೆ ಸೀಸ ತಲುಪುವುದು ಹಾಲಿನಿಂದಲೇ ಎಂದಿಲ್ಲ. ತಂದೆಯ ಅಂಗಿಯ ಧೂಳಿನಿಂದಲೂ ತಲುಪಬಹುದು. ಮಗುವಿನ ರಕ್ತದಲ್ಲಿ ಸೀಸಕ್ಕೆ ಸುರಕ್ಷಿತವೆನ್ನುವ ಮಟ್ಟವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನೂರು ಮಿಲಿಲೀಟರ್ ರಕ್ತದಲ್ಲಿ 5 ಮೈಕ್ರೋಗ್ರಾಂ ಕಂಡರೆ ಅದರ ಮೂಲವನ್ನು ಹುಡುಕಿ ತೆಗೆಯಬೇಕೆಂಬುದು 2021ರ ಅದರ ಸೂಚನೆ.

ಕೊನೆಯ ಮಾತು

“ಹಾಲು ಕುಡಿದ ಮಕ್ಕಳೇ ಬದುಕುವುದಿಲ್ಲ, ಇನ್ನು ವಿಷ ಕುಡಿದವು ಬದುಕುತ್ತವೆಯೇ” ಎಂಬುದು ನಮ್ಮ ಹಿರಿಯರ ಗಾದೆ. ಹಾಲು ಬೇರೆ, ವಿಷ ಬೇರೆ ಎಂದು ಖಚಿತವಾಗಿ ನಂಬಿದ್ದ ಕಾಲದ ಮಾತದು. ಆ ನಂಬಿಕೆಯನ್ನು ಉಳಿಸಿಕೊಳ್ಳುವ ಹೊಣೆ ಈಗ ನಮ್ಮದು. ಈ ಕಾರ್ಖಾನೆಗಳು ನಮಗೆ ಅನ್ನ ಕೊಟ್ಟಿವೆ. ಅವು ಮುಚ್ಚಲಿ ಎಂದು ನಾವು ಬಯಸುವುದಿಲ್ಲ. ತಮ್ಮ ಕೊಳೆಯನ್ನು ತಾವೇ ತೊಳೆದುಕೊಳ್ಳಲಿ ಎಂದಷ್ಟೇ ಕೇಳುತ್ತೇವೆ. ಅಲ್ಲಿ ಮೇಲ್ವಿಚಾರಕರಾಗಿ, ರಸಾಯನತಜ್ಞರಾಗಿ, ಕಾರ್ಮಿಕರಾಗಿ ಇರುವ ಕನ್ನಡಿಗರು ಈ ಮಾತನ್ನು ತಮ್ಮ ಕೆಲಸದ ಸ್ಥಳದಲ್ಲಿ ಎತ್ತಬಲ್ಲರು. ರಾತ್ರಿಯ ಕತ್ತಲಲ್ಲಿ ಹಳ್ಳದ ಕಡೆಗೆ ಹೊರಟ ಟ್ಯಾಂಕರನ್ನು ಕಂಡವರು ಕಂಡೂ ಕಾಣದಂತೆ ಇರಬೇಕಾಗಿಲ್ಲ.

ಹಸುವು ತನ್ನ ಬಾಧೆಯನ್ನು ಬಾಯಿಬಿಟ್ಟು ಹೇಳಲಾರದು. ಅದರ ಮಂಕಾದ ಕಣ್ಣು, ಬತ್ತಿದ ಕೆಚ್ಚಲು, ನಿಲ್ಲದ ಗಬ್ಬ ಇವೇ ಅದರ ಮಾತು. ಮುಂದಿನ ಸಂಕ್ರಮಣದಂದು ಬೀದಿಯ ತಿರುವಿನಲ್ಲಿ ಒಂದು ಕಟ್ಟು ಹುಲ್ಲು ಕೊಳ್ಳುವಾಗ, “ಭಾಯಿ, ಈ ಹುಲ್ಲು ಎಲ್ಲಿಯದು?” ಎಂದು ಒಂದು ಮಾತು ಕೇಳಿ. ಹತ್ತು ಜನ ಕೇಳಿದರೆ ಮಾರುವವನು ಯೋಚಿಸುತ್ತಾನೆ. ನೂರು ಜನ ಕೇಳಿದರೆ ಬೆಳೆಯುವವನೂ ಯೋಚಿಸುತ್ತಾನೆ. ಹಸುವಿಗೆ ಹುಲ್ಲು ಹಾಕುವುದು ಪುಣ್ಯವಾದರೆ, ಒಳ್ಳೆಯ ಹುಲ್ಲನ್ನೇ ಹಾಕುವುದು ಅದಕ್ಕಿಂತ ಹೆಚ್ಚಿನ ಪುಣ್ಯ.